ಧ್ಯಾನಕೂಟಕ್ಕೆ ಹೋಗಿ ಬಂದವರು ಮತ್ತೆ ಕುಡಿದರು, ವಿಶ್ವಾಸ ಸಾಲದೇ ಹೋಯಿತೇ?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರ ಕಡೆಯ ಕಥೋಲಿಕರು. ಯಜಮಾನರಿಗೆ 44 ವರ್ಷ, ಎಸ್ಟೇಟಿನಲ್ಲಿ ರೈಟರ್. ಹದಿನೈದು ವರ್ಷದ ಕುಡಿತ, ಈಗ ದಿನಕ್ಕೆ ಎರಡು ಕ್ವಾರ್ಟರ್. ಬೆಳಿಗ್ಗೆ ಒಂದು ನೈಂಟಿ ಹೋಗದಿದ್ದರೆ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯಲು ಕೈ ನಿಲ್ಲುವುದಿಲ್ಲ. ಕಳೆದ ಸಲ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಐದು ದಿನದ ಧ್ಯಾನಕೂಟಕ್ಕೆ ಕರೆದುಕೊಂಡು ಹೋದೆ. ಮೊದಲೆರಡು ದಿನ ಬೆವರು, ನಡುಕ; ಕೆಟ್ಟದ್ದು ಬಿಟ್ಟು ಹೋಗುತ್ತಿದೆ ಎಂದು ಅಲ್ಲಿಯವರು ಹೇಳಿದರು. ಆಮೇಲೆ ಇವರು ಅತ್ತರು, ಪಾಪನಿವೇದನೆ ಮಾಡಿದರು, ಸಾಯುವ ತನಕ ಮುಟ್ಟುವುದಿಲ್ಲ ಎಂದು ಬೈಬಲ್ ಮೇಲೆ ಕೈಯಿಟ್ಟರು. ನಾಲ್ಕು ತಿಂಗಳು ನಿಜವಾಗಿಯೂ ಮುಟ್ಟಲಿಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ ಗೆಳೆಯರ ಮನೆಗೆ ಊಟಕ್ಕೆ ಹೋದವರು ಕುಡಿದು ಬಂದರು. ಈಗ ಮೊದಲಿಗಿಂತ ಜಾಸ್ತಿ. ‘ದೇವರಿಗೇ ಸುಳ್ಳು ಹೇಳಿದವನು’ ಎಂದು ಚರ್ಚಿಗೂ ಬರುತ್ತಿಲ್ಲ. ಆಸ್ಪತ್ರೆಗೆ ಕರೆದರೆ, ಮಾತ್ರೆ ನುಂಗಿದರೆ ವಿಶ್ವಾಸ ಇಲ್ಲ ಎಂದಂತೆ ಅನ್ನುತ್ತಾರೆ. ಮತ್ತೆ ಧ್ಯಾನಕೂಟಕ್ಕೆ ಕಳಿಸಲೇ? ಅತ್ತಿಗೆ ಕಾಫಿಗೆ ಬೆರೆಸುವ ಪುಡಿ ತಂದುಕೊಟ್ಟಿದ್ದಾರೆ, ಹಾಕಬಹುದೇ?

ಉತ್ತರ: ಮೊದಲು ಆ ಪುಡಿಯ ವಿಷಯ. ದಯವಿಟ್ಟು ಹಾಕಬೇಡಿ. ಪೊಟ್ಟಣದಲ್ಲಿ ಏನಿದೆ ಎಂದು ಮಾರಿದವನಿಗೂ ಗೊತ್ತಿರುವುದಿಲ್ಲ. ಇಂಥ ಪುಡಿಯಲ್ಲಿ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಇದ್ದರಂತೂ ಇನ್ನೂ ಅಪಾಯ. ಅದು ಒಳ್ಳೆಯ ಔಷಧಿಯೇ, ನಾನೂ ಬರೆದುಕೊಡುತ್ತೇನೆ. ಆದರೆ ನುಂಗುವವನಿಗೆ ತಿಳಿದಿರಬೇಕು, ಕೊನೆಯ ಗುಟುಕು ಕುಡಿದು ಕನಿಷ್ಠ 12 ಗಂಟೆ ಆಗಿರಬೇಕು, ಹೃದಯ ಮತ್ತು ಯಕೃತ್ತು ಪರೀಕ್ಷೆ ಆಗಿರಬೇಕು. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಪ್ರಾಣವೇ ಹೋಗಬಹುದು. ಅದೂ ಅಲ್ಲದೆ, ಹೆಂಡತಿ ಕೊಟ್ಟ ಕಾಫಿಯನ್ನೂ ಅನುಮಾನದಿಂದ ನೋಡುವ ಗಂಡ ಮುಂದೆ ನಿಮ್ಮ ಯಾವ ಮಾತನ್ನು ನಂಬುತ್ತಾನೆ?

ಇನ್ನು ಆ ನಡುಕ. ಎರಡು ಕ್ವಾರ್ಟರ್ ಎಂದರೆ 360 ಮಿ.ಲೀ., ಅದರಲ್ಲಿ ಸುಮಾರು 120 ಗ್ರಾಂ ಶುದ್ಧ ಮದ್ಯಸಾರ. ವರ್ಷಗಟ್ಟಲೆ ದಿನಾ ಇಷ್ಟು ಹೋಗುತ್ತಿದ್ದ ದೇಹಕ್ಕೆ ಅದು ಒಮ್ಮೆಲೇ ನಿಂತರೆ ಆರೇಳು ಗಂಟೆಯಲ್ಲಿ ಕೈ ನಡುಗಲು ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿ ಭ್ರಮಿಸಿ, ಗೋಡೆ ಮೇಲೆ ಹುಳು ಕಂಡು, ಜ್ವರ ಏರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಅದು ಸಾವಿಗೂ ದಾರಿ. ಬಿಟ್ಟು ಹೋಗುತ್ತಿದ್ದದ್ದು ದೆವ್ವ ಅಲ್ಲ ತಾಯಿ, ಮದ್ಯ. ಇಂಥದ್ದೇ ಒಂದು ಪ್ರಾರ್ಥನಾಕೂಟದಿಂದ ಮೂರನೇ ದಿನ ಒಬ್ಬರನ್ನು ಜೀಪಿನಲ್ಲಿ ಮಲಗಿಸಿಕೊಂಡು ನನ್ನ ಬಳಿ ತಂದಿದ್ದರು. ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡಿದ್ದರು, ಅಂಗಿಯ ಎದೆಯೆಲ್ಲಾ ರಕ್ತ, ಕೊರಳಲ್ಲಿ ಯಾರೋ ಹಾಕಿದ ಜಪಮಾಲೆ. ತಂದವರು ಕೆಟ್ಟವರಲ್ಲ, ರಾತ್ರಿಯೆಲ್ಲಾ ಪಕ್ಕದಲ್ಲಿ ಕೂತು ಪ್ರಾರ್ಥಿಸಿದವರು. ಆದರೆ ಆ ರೋಗಿಗೆ ಆ ಹೊತ್ತಿನಲ್ಲಿ ಬೇಕಿದ್ದದ್ದು ವಿಟಮಿನ್ ಬಿ1 ಚುಚ್ಚುಮದ್ದು, ಮೆದುಳನ್ನು ಶಾಂತಗೊಳಿಸುವ ಮಾತ್ರೆ, ಒಬ್ಬ ನರ್ಸ್. ಮಾರ್ಚಿನಲ್ಲಿ ನಿಮ್ಮ ಯಜಮಾನರಿಗೆ ಹಾಗಾಗಲಿಲ್ಲ. ಆದರೆ ಬಿಟ್ಟು, ಕುಡಿದು, ಮತ್ತೆ ಬಿಡುವವರಿಗೆ ಪ್ರತಿ ಸಲವೂ ಈ ಲಕ್ಷಣಗಳು ಹೆಚ್ಚು ಜೋರಾಗುವುದುಂಟು. ಆದ್ದರಿಂದ ಈ ಸಲ ಮೊದಲ ಒಂದು ವಾರ ಆಸ್ಪತ್ರೆಯಲ್ಲೇ ಆಗಲಿ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಬನ್ನಿ. ಹೊರಡುವ ಮೊದಲು ಮಾತಾಡಬೇಕೆನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅಲ್ಲಿಯವರೆಗೆ ಸಿಟ್ಟಿನಲ್ಲಿ ಬಾಟಲಿ ಚೆಲ್ಲಿ ಒಮ್ಮೆಲೇ ನಿಲ್ಲಿಸಬೇಡಿ.

ಮಾತ್ರೆ ನುಂಗಿದರೆ ವಿಶ್ವಾಸ ಇಲ್ಲವೆಂದು ಹೇಳಿದವರಿಗೆ, ನಿಮ್ಮ ಮನೆಯ ಬೈಬಲಿನಲ್ಲೇ ಸಿರಾಖನ ಗ್ರಂಥದ 38ನೇ ಅಧ್ಯಾಯ ತೆರೆದು ತೋರಿಸಿ. ವೈದ್ಯನನ್ನು ಗೌರವಿಸು, ಅವನನ್ನು ಸೃಷ್ಟಿಸಿದವನೂ ದೇವರೇ, ಮಣ್ಣಿನಿಂದ ಔಷಧಿ ಹುಟ್ಟಿಸಿದವನೂ ಅವನೇ ಎಂಬ ಅರ್ಥದ ಮಾತು ಅಲ್ಲಿದೆ. ಪ್ರಾರ್ಥಿಸು ಎಂದೂ ಇದೆ, ಆಮೇಲೆ ವೈದ್ಯನಿಗೂ ಜಾಗ ಕೊಡು ಎಂದೂ ಇದೆ. ಭಾನುವಾರ ಬಲಿಪೂಜೆಗೆ ಹೋಗಿ ಸೋಮವಾರ ಕುಡಿತದ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆ ಬರೆದುಕೊಡುವ ನನಗೆ ಈ ಎರಡರ ನಡುವೆ ಜಗಳ ಕಂಡಿಲ್ಲ.

ಹಾಗಾದರೆ ಧ್ಯಾನಕೂಟ ದಂಡವೇ? ಅಲ್ಲವೇ ಅಲ್ಲ. ಹದಿನೈದು ವರ್ಷದಲ್ಲಿ ಯಾವ ಬೈಗುಳಕ್ಕೂ, ಯಾವ ಕಣ್ಣೀರಿಗೂ ನಿಲ್ಲದ ಕುಡಿತ ನಾಲ್ಕು ತಿಂಗಳು ನಿಂತಿತು, ಅದನ್ನು ಚಿಕ್ಕದು ಮಾಡಬೇಡಿ. ಅಲ್ಲಿ ಅವರು ಇನ್ನೊಬ್ಬರ ಮುಂದೆ ನಿಜ ಹೇಳಿದರು. ಅದು ದೊಡ್ಡ ಕೆಲಸ. ತಪ್ಪಿದ್ದು ವಾಪಸ್ ಬಂದ ಮೇಲೆ. ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ನೆನಪಿಸಿಕೊಳ್ಳಿ. ಮನುಷ್ಯನನ್ನು ಬಿಟ್ಟು ಹೋದ ಅಶುದ್ಧ ಆತ್ಮ ತಿರುಗಿ ಬಂದು ನೋಡಿದರೆ ಮನೆ ಗುಡಿಸಿ ಒಪ್ಪವಾಗಿದೆ, ಆದರೆ ಖಾಲಿ. ತನಗಿಂತ ಕೆಟ್ಟ ಏಳನ್ನು ಕರೆದುಕೊಂಡು ಬಂದು ಒಳಗೆ ಕೂರುತ್ತದೆ. ಕುಡಿತ ಮರುಕಳಿಸುವುದನ್ನು ಇಷ್ಟು ಚೆನ್ನಾಗಿ ಹೇಳಿದ್ದು ನನ್ನ ಪಠ್ಯಪುಸ್ತಕಗಳಲ್ಲಿ ನಾನು ಓದಿಲ್ಲ.

ಖಾಲಿ ಮನೆ ಎಂದರೆ ನಿಮ್ಮವರ ವಿಷಯದಲ್ಲಿ ಏನು? ಭಾನುವಾರ ಪೂಜೆ ಮುಗಿಸಿ ಗೇಟು ದಾಟಿದ ಮೇಲೆ ಕತ್ತಲಾಗುವ ತನಕದ ಹೊತ್ತು. ಸಂಬಳದ ಸಂಜೆ. ತೋಟದಲ್ಲಿ ಕೆಲಸ ಕಡಿಮೆ ಇರುವ ಆಟಿ-ಕಕ್ಕಡದ ಮಳೆದಿನಗಳು. ‘ಚಳಿಗೆ ಒಂದು ಪೆಗ್ ಒಳ್ಳೆಯದು’ ಅನ್ನುವುದು ನಮ್ಮ ಜಿಲ್ಲೆಯ ಹಳೆಯ ಸುಳ್ಳು. ಮದ್ಯ ಚರ್ಮವನ್ನು ಬಿಸಿ ಮಾಡಿ ಒಳಗಿನ ಶಾಖವನ್ನು ಹೊರಹಾಕುತ್ತದೆ ಅಷ್ಟೆ. ಹುತ್ತರಿ ಹಬ್ಬ, ಮದುವೆ, ನಾಮಕರಣ, ಎಲ್ಲಿ ಹೋದರೂ ಗ್ಲಾಸ್ ಕೈಗೆ ಬರುವ ಊರು ನಮ್ಮದು, ಬೇಡ ಎಂದವನನ್ನೇ ವಿಚಿತ್ರವಾಗಿ ನೋಡುತ್ತಾರೆ. ಆಸ್ಪತ್ರೆಯಿಂದ ಬರುವ ಮೊದಲೇ ಈ ಒಂದೊಂದು ಹೊತ್ತಿಗೂ ಏನು ಮಾಡುವುದೆಂದು ಇಬ್ಬರೂ ಕೂತು ಬರೆದಿಡಿ. ಸಂಬಳ ಬ್ಯಾಂಕಿಗೆ ಬರಲಿ, ಕಾರ್ಡ್ ನಿಮ್ಮ ಬಳಿ ಇರಲಿ, ಅವರು ಒಪ್ಪಿದರೆ ಮಾತ್ರ. ಭಾನುವಾರ ಮಧ್ಯಾಹ್ನಕ್ಕೆ ಚರ್ಚಿನಲ್ಲಿ ಏನಾದರೂ ಮೈಮುರಿಯುವ ಕೆಲಸ ಕೊಡಿ ಎಂದು ಫಾದರ್ ಅವರನ್ನು ಕೇಳಿ. ಸ್ಮಶಾನದ ಕಾಡು ಕಡಿಯುವುದಾದರೂ ಸರಿ, ಉಪದೇಶಕ್ಕಿಂತ ಚೆನ್ನಾಗಿ ಹಿಡಿಯುತ್ತದೆ.

‘ಸಾಯುವ ತನಕ’ ಎಂಬ ಪ್ರತಿಜ್ಞೆ ನನಗೆ ಹಿಡಿಸುವುದಿಲ್ಲ. ಅದು ಮುರಿದ ದಿನ ಒಂದು ಗ್ಲಾಸಿನ ತಪ್ಪು ದೇವದ್ರೋಹವಾಗಿಬಿಡುತ್ತದೆ, ಆ ಭಾರಕ್ಕೇ ಎರಡನೇ ಗ್ಲಾಸ್. ನಿಮ್ಮವರು ಈಗ ಸಿಕ್ಕಿಬಿದ್ದಿರುವುದು ಅಲ್ಲೇ. ಡಬ್ಲಿನ್ನಿನ ಕೂಲಿಕಾರ ಮ್ಯಾಟ್ ಟಾಲ್ಬಟ್ ಅವರ ಕತೆ ಅವರಿಗೆ ಹೇಳಿ. ಚಿಕ್ಕಂದಿನಿಂದಲೇ ಕುಡಿತಕ್ಕೆ ಬಿದ್ದಿದ್ದ ಆತ 1884ರಲ್ಲಿ, 28ನೇ ವಯಸ್ಸಿಗೆ, ಗುರುಗಳ ಮುಂದೆ ಪ್ರತಿಜ್ಞೆ ಮಾಡಿದ್ದು ಬರೀ ಮೂರು ತಿಂಗಳಿಗೆ. ಆಮೇಲೆ ಅದನ್ನೇ ಮುಂದುವರಿಸುತ್ತ ಹೋದರು. ಜೇಬಿನಲ್ಲಿ ದುಡ್ಡು ಇಟ್ಟುಕೊಳ್ಳುವುದನ್ನೇ ಬಿಟ್ಟರಂತೆ. 1925ರಲ್ಲಿ ಪೂಜೆಗೆ ನಡೆದು ಹೋಗುವಾಗ ಬೀದಿಯಲ್ಲೇ ಕುಸಿದು ತೀರಿಕೊಳ್ಳುವ ತನಕ ಮತ್ತೆ ಕುಡಿಯಲಿಲ್ಲ. 1975ರಲ್ಲಿ ಪೋಪರು ಅವರನ್ನು ‘ಪೂಜ್ಯ’ರೆಂದು ಘೋಷಿಸಿದರು.

ಒಬ್ಬರೇ ಈ ದಾರಿ ನಡೆಯುವುದು ಕಷ್ಟ. ಎ.ಎ. ಸಭೆ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ ಹುಟ್ಟಿದ್ದು, ಅದರ ಬೇರು ಅಂದಿನ ಒಂದು ಕ್ರೈಸ್ತ ಚಳವಳಿಯಲ್ಲಿದೆ. ಹನ್ನೆರಡು ಮೆಟ್ಟಿಲುಗಳಲ್ಲಿ ಐದನೆಯದು ತಪ್ಪನ್ನು ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವುದು. ಪಾಪನಿವೇದನೆ ಗೊತ್ತಿರುವವರಿಗೆ ಇದೇನು ಹೊಸತಲ್ಲ. ಆದರೆ ಅಲ್ಲಿ ಎದುರಿಗೆ ಕೂತವನೂ ಕುಡಿದು ಚರಂಡಿಗೆ ಬಿದ್ದವನೇ, ಅವನ ಮುಂದೆ ನಾಚಿಕೆ ಬೇಗ ಕರಗುತ್ತದೆ. ಹಿಂದೂ, ಮುಸಲ್ಮಾನ, ದೇವರನ್ನೇ ನಂಬದವರು ಎಲ್ಲರೂ ಬರುತ್ತಾರೆ. ಫೀಸಿಲ್ಲ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಸಭೆಯಿದೆ, ಅದು ನಿಮಗೆ.

ಚರ್ಚಿಗೆ ಬನ್ನಿ ಎಂದು ಈಗಲೇ ಎಳೆಯಬೇಡಿ. ಫಾದರ್ ಅವರೇ ಒಂದು ಸಂಜೆ ಎಸ್ಟೇಟಿನ ಲೈನ್‌ಮನೆ ಕಡೆ ಬಂದು, ಉಪದೇಶ ಬಿಟ್ಟು, ಒಂದು ಲೋಟ ಕಾಫಿ ಕುಡಿದು ಹೋಗಲಿ. ‘ನಾನು ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡದೆ, ಬೇಡವಾದ ಕೆಟ್ಟದ್ದನ್ನೇ ಮಾಡುತ್ತೇನೆ’ ಎಂಬರ್ಥದಲ್ಲಿ ರೋಮನರಿಗೆ ಬರೆದವರು ಸಂತ ಪೌಲರು. ಅವರೂ ಚರ್ಚ್ ಬಿಟ್ಟು ಮನೆಯಲ್ಲಿ ಕೂರಲಿಲ್ಲ.

ಪ್ರಶ್ನೆ: ಕುಡಿತ ಬಿಟ್ಟು ಎಂಟು ತಿಂಗಳು. ನಮ್ಮ ಸಭೆಯಲ್ಲಿ, ರೊಟ್ಟಿ-ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ನಿಜವಾದ ವೈನ್ ಕೊಡುತ್ತಾರೆ. ಒಂದು ಗುಟುಕು ಅಷ್ಟೇ ಎನ್ನುತ್ತಾರೆ. ಭಯವಾಗುತ್ತದೆ. (ಮಡಿಕೇರಿ)

ಉತ್ತರ: ನಿಮ್ಮ ಭಯ ಸರಿಯಾಗಿದೆ. ಪಾಸ್ಟರ್ ಅಯ್ಯನವರಿಗೆ ಮೊದಲೇ ಹೇಳಿ, ನಿಮಗೆ ಹುದುಗದ ದ್ರಾಕ್ಷಿರಸ ಇಡಲಿ. ಎಲ್ಲರಿಗೂ ಅದನ್ನೇ ಕೊಡುವ ಸಭೆಗಳೂ ಇವೆ. ಕಥೋಲಿಕರಾದರೆ ರೊಟ್ಟಿಯ ಪ್ರಸಾದ ಮಾತ್ರ ತೆಗೆದುಕೊಂಡರೂ ಅದು ಪೂರ್ಣವೇ, ಏನೂ ಕಡಿಮೆಯಾಗುವುದಿಲ್ಲ. ಕುಡಿತದಿಂದ ಹೊರಬಂದ ಗುರುಗಳಿಗೇ ಮದ್ಯಸಾರ ಬಹಳ ಕಡಿಮೆಯಿರುವ ದ್ರಾಕ್ಷಿರಸ ಬಳಸಲು ಅನುಮತಿ ಸಿಗುತ್ತದೆ. ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿದ್ದರಂತೂ ಆ ಒಂದು ಗುಟುಕೂ ಬೇಡ, ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಬೇಡ. ಡಿಸೆಂಬರಿನಲ್ಲಿ ಮನೆ ಮನೆಯಿಂದ ಬರುವ ಕೇಕಿನ ದ್ರಾಕ್ಷಿ ರಮ್ಮಿನಲ್ಲಿ ನೆನೆದದ್ದೇ ಎಂದು ಕೇಳಿಯೇ ಬಾಯಿಗಿಡಿ. ಅಂಗಡಿಯಲ್ಲಿ ಮಾರುವ ‘ಹೋಮ್‌ಮೇಡ್ ವೈನ್’ ಕೂಡ ಶುಂಠಿ, ನೆಲ್ಲಿ ಎಂಬ ಹೆಸರಿಟ್ಟುಕೊಂಡ ಮದ್ಯವೇ.