ಪ್ರತಿಕ್ರಿಯೆ: ಆಲೆಮನೆ ಲಾಭ-ನಷ್ಟದ ಪ್ರಾಜೆಕ್ಟ್‌ಗೆ ಎಷ್ಟು ಘಟಕ ಸಾಕು?

ಮಂಡ್ಯ ಸುತ್ತಿನ 50 ಆಲೆಮನೆಗಳಿಗೆ ಪ್ರಶ್ನಾವಳಿ ಹಂಚಿದರೆ ಎಂಬಿಎ ಪ್ರಾಜೆಕ್ಟ್‌ಗೆ ಸಾಕೇ ಎಂದು ಕೇಳಿದ್ದೀರಿ. ಹಂಚಬೇಡಿ. ಹತ್ತು-ಹನ್ನೆರಡನ್ನೇ ಆರಿಸಿ, ಒಂದೊಂದಕ್ಕೂ ಎರಡು ಸಲ ಹೋಗಿ. ಕೊಪ್ಪರಿಗೆ ಮುಂದೆ ನಿಂತವರು ಫಾರಂ ತುಂಬುವುದಿಲ್ಲ. ತುಂಬಿದರೂ ಅಂದಾಜಿನ ಲೆಕ್ಕ.

‘ತಿಂಗಳ ಆದಾಯ ಎಷ್ಟು’ ಅನ್ನಬೇಡಿ. ನಿನ್ನೆ ಎಷ್ಟು ಟನ್ ಕಬ್ಬು ಅರೆದಿರಿ, ಎಷ್ಟು ಕೆಜಿ ಬೆಲ್ಲ ಬಂತು ಅಂತ ಕೇಳಿ. ಇಳುವರಿಯೇ (ಕಬ್ಬಿನ ತೂಕದಲ್ಲಿ ಬೆಲ್ಲದ ಪಾಲು) ಇಡೀ ಲೆಕ್ಕದ ಕೀಲಿ. ಉದಾಹರಣೆಗೆ ಕಬ್ಬು ಟನ್ನಿಗೆ 3,000 ರೂ. ಎಂದಿಟ್ಟುಕೊಳ್ಳಿ: ಇಳುವರಿ ಶೇ 10 ಇದ್ದರೆ ಕೆಜಿ ಬೆಲ್ಲಕ್ಕೆ ಕಬ್ಬಿನ ಖರ್ಚೇ 30 ರೂ., ಶೇ 9ಕ್ಕಿಳಿದರೆ 33 ದಾಟುತ್ತೆ. ಕಡಿದ ಮೇಲೆ ಅರೆಯುವುದು ತಡವಾಗಿ ಕಬ್ಬು ಒಣಗಿದ್ದರೂ ರಸ ಕಮ್ಮಿ, ಹಾಗಾಗಿ ಕಡಿದ ದಿನವನ್ನೂ ಬರೆದುಕೊಳ್ಳಿ.

ಸಾಮಾನ್ಯವಾಗಿ ಎಡವುವುದು ಮೂರು ಕಡೆ. ರೈತರ ಕಬ್ಬನ್ನು ಕೂಲಿಗೆ ಅರೆಯುವವರನ್ನೂ ಕೊಂಡು ಅರೆಯುವವರನ್ನೂ ಒಂದೇ ಸರಾಸರಿಗೆ ಸೇರಿಸುವುದು. ಕಾರ್ಮಿಕರಿಗೆ ಕೊಟ್ಟ ಮುಂಗಡವನ್ನೂ, ಆ ಮುಂಗಡ ವಜಾ ಆಗುವ ಪೂರ್ತಿ ಕೂಲಿಯನ್ನೂ ಖರ್ಚಿಗೆ ಹಾಕಿ ಒಂದೇ ಹಣವನ್ನು ಎರಡು ಸಲ ಎಣಿಸುವುದು. ಮನೆಯವರ ದುಡಿಮೆಗೆ ಸೊನ್ನೆ ಬರೆಯುವುದು, ಇದರಿಂದಲೇ ಎಷ್ಟೋ ನಷ್ಟದ ಘಟಕಗಳು ಕಾಗದದ ಮೇಲೆ ಲಾಭದಲ್ಲಿರುತ್ತವೆ.

ಒಲೆಗೆ ಹಾಕುವ ಸಿಪ್ಪೆ ಸ್ವಂತದ್ದಾದರೆ ಖರ್ಚಿಲ್ಲ. ಅದು ಸಾಲದೆ ಕೊಂಡ ಉರುವಲನ್ನಷ್ಟೇ ಸೇರಿಸಿ. ಮಾರಾಟದ ದರವನ್ನು ಮಾಲೀಕರ ಬಾಯಿಮಾತಿನಿಂದಲ್ಲ, ಎಪಿಎಂಸಿ ಮಾರಾಟ ಚೀಟಿಯಿಂದ ತೆಗೆದುಕೊಳ್ಳಿ.