ಫಿಟ್ಸ್ ಮಾತ್ರೆಯಿಂದ ಮೂಳೆ ತೆಳುವಾದರೆ ಮಾತ್ರೆ ಬಿಡಬೇಕಾ?

ನಿಮಗೆ 24 ವರ್ಷ, ಹತ್ತು ವರ್ಷದಿಂದ ಫಿಟ್ಸ್ ಮಾತ್ರೆ ತಿನ್ನುತ್ತಿದ್ದೀರಿ. ಈಗ ಮೂಳೆ ಸಾಂದ್ರತೆ ಕಡಿಮೆ ಅಂದಿದ್ದಾರೆ, ಮಾತ್ರೆ ಬಿಟ್ಟರೆ ಸರಿಯಾಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ಬಿಡಬೇಡಿ. ಏಕಾಏಕಿ ನಿಲ್ಲಿಸಿದರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಜೋರು ಫಿಟ್ಸ್ ಬಂದಾಗ ಸ್ನಾಯುಗಳ ಸೆಳೆತಕ್ಕೇ ಬೆನ್ನುಮೂಳೆ ಬಿರುಕು ಬಿಡುವುದೂ ಉಂಟು.

ನನಗೀಗ 29. ಶಿರಸಿ ಹತ್ತಿರ ಅಡಿಕೆ ತೋಟದ ಮನೆ. 13ನೇ ವಯಸ್ಸಿನಿಂದ ಫೆನಿಟಾಯಿನ್ ಅನ್ನುವ ಫಿಟ್ಸ್ ಮಾತ್ರೆ ತಿಂದವಳು. 25ರಲ್ಲಿ, ಆಷಾಢದ ಮಳೆಯಲ್ಲಿ, ಅಂಗಳದ ಪಾಚಿ ಮೇಲೆ ಜಾರಿ ಬಿದ್ದೆ. ಫಿಟ್ಸ್ ಬಂದು ಅಲ್ಲ, ಸುಮ್ನೆ ಜಾರಿದ್ದು. ಅದೇ ಜಾಗದಲ್ಲಿ ಹಿಂದಿನ ವಾರ ಅಜ್ಜಿಯೂ ಬಿದ್ದು, ಅಂಗಳಕ್ಕೆ ಬೈಯುತ್ತಾ ಎದ್ದು ಹೋಗಿದ್ದಳು. ನನ್ನ ಮಣಿಕಟ್ಟು ಮಾತ್ರ ಮುರಿಯಿತು.

ಮೂಳೆ ಡಾಕ್ಟರು ಪ್ಲಾಸ್ಟರ್ ಹಾಕಿ ಕಳಿಸಿದರು. ಫಿಟ್ಸ್ ಡಾಕ್ಟರು 'ಫಿಟ್ಸ್ ಬಂದಿಲ್ಲ ಅಲ್ವಾ, ಒಳ್ಳೇದು' ಅಂತ ಹಳೇ ಚೀಟಿಯನ್ನೇ ಮತ್ತೆ ಬರೆದರು. ಒಬ್ಬರು ಕೈ ನೋಡಿದರು, ಒಬ್ಬರು ತಲೆ. ಎರಡಕ್ಕೂ ಗಂಟು ಹಾಕಿದ್ದು ವರ್ಷದ ನಂತರ, ಹುಬ್ಬಳ್ಳಿಯಲ್ಲಿ ಸಿಕ್ಕ ಇನ್ನೊಬ್ಬ ನರರೋಗ ತಜ್ಞೆ. ಆ ಒಂದು ವರ್ಷದ ಸಿಟ್ಟು ನನಗಿನ್ನೂ ಹೋಗಿಲ್ಲ.

ಅವರು ಹೇಳಿದ್ದು ಇಷ್ಟು. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟೋನ್ ಇವೆಲ್ಲ ಲಿವರ್ ಕೆಲಸವನ್ನು ಚುರುಕು ಮಾಡುತ್ತವೆ. ಆಗ ವಿಟಮಿನ್ ಡಿ ಬೇಗ ಕರಗಿ ಹೋಗುತ್ತದೆ. ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತುವುದಿಲ್ಲ. ರಕ್ತಕ್ಕೆ ಬೇಕಾದ್ದನ್ನು ದೇಹ ಮೂಳೆಯಿಂದಲೇ ಕೀಳುತ್ತದೆ. ವಾಲ್‌ಪ್ರೊಯೇಟ್ ಅನ್ನುವ ಇನ್ನೊಂದು ಫಿಟ್ಸ್ ಮಾತ್ರೆ ತಿನ್ನುವವರಲ್ಲೂ ಮೂಳೆ ತೆಳುವಾಗುವುದು ಕಂಡಿದೆ. ಜೊತೆಗೆ ನಮ್ಮೂರ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗುವಷ್ಟೂ ಬಿಸಿಲಿಲ್ಲ, ಇನ್ನು ಮೈಗೆಲ್ಲಿ? ನನ್ನ ರಕ್ತದಲ್ಲಿ ವಿಟಮಿನ್ ಡಿ 11 ng/mL ಇತ್ತು. 20ಕ್ಕಿಂತ ಕಡಿಮೆ ಅಂದರೆ ಕೊರತೆ.

ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ರಿಪೋರ್ಟಿನಲ್ಲಿ ಟಿ-ಸ್ಕೋರ್ ನೋಡಿ ನಾನು ರಾತ್ರಿಯಿಡೀ ಅತ್ತಿದ್ದೆ. ಅದು ಆರೋಗ್ಯವಂತ ಎಳೆವಯಸ್ಸಿನವರ ಮೂಳೆಗೆ ಹೋಲಿಸುವ ಅಂಕಿ, ಮುಟ್ಟು ನಿಂತವರಿಗೆ ನೋಡುವ ಲೆಕ್ಕ. ನಮ್ಮ ವಯಸ್ಸಿಗೆ, ಅದೇ ವಯಸ್ಸಿನವರ ಜೊತೆ ಹೋಲಿಸುವ ಝಡ್-ಸ್ಕೋರ್ ನೋಡಬೇಕು. ಅದು -2.0 ಅಥವಾ ಅದಕ್ಕಿಂತ ಕೆಳಗಿದ್ದರೆ 'ವಯಸ್ಸಿಗೆ ಇರಬೇಕಾದ್ದಕ್ಕಿಂತ ಕಡಿಮೆ' ಅನ್ನುತ್ತಾರೆ. ಆ ಅಂಕಿಯೊಂದನ್ನೇ ನೋಡಿ ಆಸ್ಟಿಯೊಪೊರೊಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಅಂತ ಹೆಸರಿಡುವುದಿಲ್ಲ.

ನನ್ನ ಮಾತ್ರೆ ಬದಲಾಯಿತು, ಆದರೆ ತಿಂಗಳುಗಟ್ಟಲೆ ಹಿಡಿಯಿತು. ಹೊಸದನ್ನು ಏರಿಸುತ್ತಾ, ಹಳೆಯದನ್ನು ಇಳಿಸುತ್ತಾ. ಹೊಸದು ಲೆವೆಟಿರಾಸಿಟಮ್. ಇದರಲ್ಲಿ ಸಿಡುಕು ಜಾಸ್ತಿ, ಮನೆಯವರನ್ನು ಕೇಳಿ ಬೇಕಾದರೆ! ಎಲ್ಲರಿಗೂ ಬದಲಿಸಲು ಆಗುವುದಿಲ್ಲ. ಹಳೆ ಮಾತ್ರೆಯಲ್ಲೇ ಫಿಟ್ಸ್ ಹತೋಟಿಯಲ್ಲಿದ್ದರೆ ಅದನ್ನೇ ಇಟ್ಟುಕೊಂಡು ವಿಟಮಿನ್ ಡಿ ಕೊಡುವುದೂ ಇದೆ. ಒಂದು ಮಾತು, ಕ್ಯಾಲ್ಸಿಯಂ ಮಾತ್ರೆಯನ್ನು ಫೆನಿಟಾಯಿನ್ ಜೊತೆ ನುಂಗಬೇಡಿ. ಫೆನಿಟಾಯಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ. ನಡುವೆ ಎರಡು-ಮೂರು ಗಂಟೆ ಬಿಡಿ. ಮೂಳೆ ಗಟ್ಟಿ ಮಾಡುವ ಬಿಸ್‌ಫಾಸ್ಫೊನೇಟ್ ಅನ್ನುವ ಮಾತ್ರೆಗಳು ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಮುಂದೆ ಮಗು ಬೇಕು ಅನ್ನುವವರಿಗೆ ಡಾಕ್ಟರು ಯೋಚಿಸಿಯೇ ಕೊಡುತ್ತಾರೆ. ನನಗೆ ಕೊಡಲಿಲ್ಲ.

ಊಟದ ವಿಷಯ ಗೊತ್ತಿದ್ದದ್ದೇ. ನಮ್ಮಲ್ಲಿ ರಾಗಿ ಅಂದರೆ ಬೇಸಿಗೆಯ ರಾಗಿನೀರು ಮಾತ್ರ. ಈಗ ವರ್ಷವಿಡೀ ಅಂಬಲಿ. ನೀವು ಕಾರವಾರದ ಕಡೆಯವರು, ಬಂಗುಡೆ, ತಾರ್ಲೆ ತಿನ್ನುವವರಾದರೆ ಪುಣ್ಯವಂತರು. ಅದರಲ್ಲಿ ವಿಟಮಿನ್ ಡಿ ಕೂಡ ಇದೆ.

ಇದೆಲ್ಲಕ್ಕಿಂತ ಹೆಚ್ಚು ಉಪಯೋಗ ಆದದ್ದು ಅಪ್ಪ ಮಾಡಿದ ಕೆಲಸ. ಬಚ್ಚಲಿನಿಂದ ಕೊಟ್ಟಿಗೆ ತನಕ ಅಡಿಕೆ ದಬ್ಬೆ ಹಾಸಿದರು. ಬಾವಿಕಟ್ಟೆ ಎತ್ತರಿಸಿದರು. ನೀರು ಸೇದುವ ಕೆಲಸ ನನಗಿಲ್ಲ, ಸ್ನಾನಕ್ಕೆ ಹೋದಾಗ ಚಿಲಕ ಹಾಕುವುದಿಲ್ಲ. ದಿನಾ ತೋಟದ ದಿಬ್ಬ ಹತ್ತಿ ಇಳಿಯುತ್ತೇನೆ. ಕಾಲಿನ ಮೇಲೆ ಭಾರ ಬಿದ್ದರೆ ಮೂಳೆಗೆ ಒಳ್ಳೆಯದು. 'ಫಿಟ್ಸ್ ಒಂದೇ ಸಾಲದಾ, ಈಗ ಮೂಳೆ ಬೇರೆ, ಮದುವೆ ಹ್ಯಾಗೆ' ಅಂದ ಅತ್ತೆಯೊಬ್ಬರಿಗೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಎರಡು ವರ್ಷದ ನಂತರದ ಡೆಕ್ಸಾದಲ್ಲಿ ಅಂಕಿ ಕೆಳಗೆ ಇಳಿದಿಲ್ಲ, ಸ್ವಲ್ಪ ಏರಿದೆ. ನಿಮ್ಮ ಮಾತ್ರೆ ಯಾವುದು ಅಂತ ನೀವು ಬರೆದಿಲ್ಲ. ಅದರ ಹೆಸರು ನೋಡಿಕೊಂಡು, ಡೆಕ್ಸಾ ರಿಪೋರ್ಟ್ ತೆಗೆದುಕೊಂಡು ಹೋಗಿ ಫಿಟ್ಸ್ ಡಾಕ್ಟರ ಮೇಜಿನ ಮೇಲೇ ಇಡಿ. ಅವರಾಗಿ ಕೇಳಲಿ ಅಂತ ಕಾಯಬೇಡಿ.