ಗ್ರಂಥಾಲಯಕ್ಕೆ ಹಾಲೋ ಬ್ಲಾಕೋ ಸಾಲಿಡ್ ಬ್ಲಾಕೋ? ಮೊದಲು ಎರಕದ ತಾರೀಕು ಕೇಳಿ

ಪಂಚಾಯಿತಿ ಗ್ರಂಥಾಲಯಕ್ಕೆ ನಡುವೆ ಪೊಳ್ಳಿರುವ ಹಾಲೋ ಕಾಂಕ್ರೀಟ್ ಬ್ಲಾಕೋ ಪೊಳ್ಳಿಲ್ಲದ ಸಾಲಿಡ್ ಬ್ಲಾಕೋ, ಪರಿಸರಕ್ಕೆ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಬ್ಲಾಕ್ ಕೆಲಸಕ್ಕೆ ಬಂದ ಹೊಸತರಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ. ಒಂದಂತಸ್ತಿನ ಕಟ್ಟಡಕ್ಕೆ 200 ಮಿಮೀ ದಪ್ಪದ ಹಾಲೋ ಬ್ಲಾಕ್ ಸಾಕು, ಸಿಮೆಂಟೂ ಉಳಿಯುತ್ತದೆ. ಆದರೆ ಎರಡೇ ವರ್ಷಕ್ಕೆ ಬಿರುಕು ಬಿಟ್ಟು ಮತ್ತೆ ಸಿಮೆಂಟ್ ಮೆತ್ತಿಸಿಕೊಳ್ಳುವ ಗೋಡೆ ಯಾವ ಬ್ಲಾಕಿನದಾದರೂ ಪರಿಸರಸ್ನೇಹಿ ಅಲ್ಲ.

ಬಿರುಕಿಗೆ ಮುಖ್ಯ ಕಾರಣ ಹಸಿ ಬ್ಲಾಕ್. ಬ್ಲಾಕ್ ಎರಕ ಹಾಕುವ ಯಾರ್ಡಿನವರು ಮೂರು ದಿನ ನೀರು ಚಿಮುಕಿಸಿ ಲಾರಿಗೆ ಏರಿಸಿಬಿಡುತ್ತಾರೆ. ಕಾಂಕ್ರೀಟ್ ಬ್ಲಾಕಿನ ಭಾರತೀಯ ಮಾನಕ ಐಎಸ್ 2185 ಪ್ರಕಾರ ಕನಿಷ್ಠ 14 ದಿನ ಕ್ಯೂರಿಂಗ್, ಅಂದರೆ ಒದ್ದೆಯಾಗಿಟ್ಟು ಗಟ್ಟಿಯಾಗಿಸುವುದು, ಆಗಬೇಕು, ಆಮೇಲೆ ಸುಮಾರು ನಾಲ್ಕು ವಾರ ಒಣಗಬೇಕು. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. ಆ ಕುಗ್ಗುವಿಕೆಯ ಮಿತಿ ಶೇ 0.06, ಅಂದರೆ 10 ಮೀಟರ್ ಗೋಡೆಗೆ 6 ಮಿಮೀ. ಬ್ಲಾಕ್ ಯಾರ್ಡಿನಲ್ಲೇ ಕುಗ್ಗಿ ಮುಗಿದರೆ ಚಿಂತೆಯಿಲ್ಲ. ಎರಡು ಪಿಲ್ಲರ್ ನಡುವೆ ಸಿಕ್ಕಿಕೊಂಡ ಮೇಲೆ ಕುಗ್ಗಲು ಹೊರಟರೆ ಗೋಡೆ ಸೀಳುತ್ತದೆ, ಅದೂ ಕಿಟಕಿ ಮೂಲೆಯಿಂದಲೇ ಶುರುವಾಗಿ.

ಇದರ ಮೇಲೆ ಮೇಸ್ತ್ರಿ ಇಟ್ಟಿಗೆಯ ಅಭ್ಯಾಸದಲ್ಲಿ ಬ್ಲಾಕನ್ನು ನೀರಿಗೆ ಅದ್ದುತ್ತಾನೆ. ಇಟ್ಟಿಗೆ ಗಾರೆಯ ನೀರು ಹೀರುತ್ತದೆ, ಅದನ್ನು ನೆನೆಸಲೇಬೇಕು. ಬ್ಲಾಕ್ ನೆಂದರೆ ಹಿಗ್ಗಿ, ಗೋಡೆಯಲ್ಲಿ ಒಣಗುವಾಗ ಮತ್ತೆ ಕುಗ್ಗುತ್ತದೆ. ಗಾರೆ ಕೂರುವ ಮೈಯನ್ನು ಒದ್ದೆ ಕೈಯಲ್ಲಿ ಸವರಿದರೆ ಸಾಕು. ಮಳೆಗಾಲದಲ್ಲಿ ಬ್ಲಾಕ್ ರಾಶಿಗೆ ಟಾರ್ಪಾಲ್ ಹೊದಿಸಿ. ಗಾರೆಯೂ ಗಟ್ಟಿಯಿದ್ದಷ್ಟು ಒಳ್ಳೆಯದು ಅಂದುಕೊಳ್ಳಬೇಡಿ: ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು, ಅಂದರೆ 1:3 ಹಾಕಿದರೆ ಬ್ಲಾಕೇ ಸೀಳುತ್ತದೆ. 1:6 ಇದ್ದರೆ ಬಿರುಕು ಸಂದುಗಳಲ್ಲೇ ಕೂದಲೆಳೆಯಷ್ಟು ಸಣ್ಣದಾಗಿ ಹಂಚಿಹೋಗುತ್ತದೆ, ಸಂದಿಗೆ ಗಾರೆ ತುಂಬುವ ಪಾಯಿಂಟಿಂಗ್‌ನಲ್ಲಿ ಮುಚ್ಚಬಹುದು. ಉದ್ದ ಗೋಡೆ ಕುಗ್ಗಲು ಜಾಗವಿರುವಂತೆ 6 ಮೀಟರಿಗೊಂದು ಬಿಡುವು ಸಂದು ಕೊಡಿ. ಕಿಟಕಿ ಕೆಳಗೆ ಎರಡು 8 ಮಿಮೀ ಕಂಬಿಯ ಕಾಂಕ್ರೀಟ್ ಪಟ್ಟಿ ಓಡಿಸಿ, ಮೂಲೆಗಳ ಪೊಳ್ಳಿನಲ್ಲಿ ಕಂಬಿ ನಿಲ್ಲಿಸಿ ಕಾಂಕ್ರೀಟ್ ತುಂಬಿಸಿ.

ಲಾರಿ ಬಂದಾಗ ಒಂದು ಬ್ಲಾಕ್ ತೂಗಿ. ಭಾರ ಹೊರುವ ಎ ದರ್ಜೆಯ 200 ಮಿಮೀ ಹಾಲೋ ಬ್ಲಾಕ್ ಒಣಗಿದಾಗ ಸುಮಾರು 21 ಕೆಜಿಗಿಂತ ಕಡಿಮೆ ಇರಬಾರದು. ಒಣಗಿದ್ದನ್ನು ಒಂದು ದಿನ ನೀರಿನಲ್ಲಿಟ್ಟು ಮತ್ತೆ ತೂಗಿ. ಶೇ 10ಕ್ಕಿಂತ ಹೆಚ್ಚು ನೀರು ಕುಡಿದಿದ್ದರೆ ಲೋಡು ವಾಪಸ್ ಕಳಿಸಿ.

ನಿಜವಾದ ಉಳಿತಾಯ ಪ್ಲಾಸ್ಟರ್ ಬಿಡುವುದರಲ್ಲಿದೆ. 100 ಚದರ ಮೀಟರ್ ಗೋಡೆಗೆ ಒಳಗೆ 12, ಹೊರಗೆ 15 ಮಿಮೀ ಬಳಿದರೆ 1:6ರಲ್ಲೂ ಸುಮಾರು 15 ಚೀಲ ಸಿಮೆಂಟ್ ಬೇಕು. ಪ್ಲಾಸ್ಟರ್ ಇಲ್ಲದೆಯೂ ಗೋಡೆ ಚೆನ್ನಾಗಿ ಕಾಣಬೇಕಾದರೆ ನಕ್ಷೆಯ ಅಳತೆಗಳೆಲ್ಲ 200 ಮಿಮೀ ಲೆಕ್ಕದಲ್ಲಿರಲಿ: ಕಿಟಕಿ 1200 ಅಗಲ, 1400 ಎತ್ತರ, ನಡುವಿನ ಗೋಡೆ 800. ಆಗ ಬ್ಲಾಕ್ ಒಡೆಯುವ ಪ್ರಮೇಯವೇ ಕಡಿಮೆ. ಸಜ್ಜಾ ಕನಿಷ್ಠ 600 ಮಿಮೀ ಚಾಚಿರಲಿ.

ಬಯಲುಸೀಮೆಗೆ ಪ್ಲಾಸ್ಟರ್ ಇಲ್ಲದ ಗೋಡೆ ಸರಿ. ಕರಾವಳಿ, ಮಲೆನಾಡಿನ ಮಳೆಗೆ ಹೊರಮೈ ಬರಿದಾಗಿ ಬಿಟ್ಟರೆ ನೀರು ಒಳಗಿಳಿಯುತ್ತದೆ. ನೀವು ದಕ್ಷಿಣ ಕನ್ನಡದವರಾದರೆ ಹತ್ತಿರದಲ್ಲೇ ಸಿಗುವ ಕೆಂಪು ಕಲ್ಲು ಬಿಟ್ಟು ಬ್ಲಾಕ್ ತರಿಸುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ರಾಯಚೂರು ಕಡೆಯವರಾದರೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿ ಬೆರೆಸಿದ ಬ್ಲಾಕ್ ವಿಚಾರಿಸಿ. ಅದು ಬಲ ಪಡೆಯುವುದು ನಿಧಾನ, ಕ್ಯೂರಿಂಗ್ ಇನ್ನೂ ಒಂದು ವಾರ ಹೆಚ್ಚು ಕೇಳಿ.

ಪೊಳ್ಳು ಬ್ಲಾಕ್ ತಂಪು ಕೊಡುತ್ತದೆ ಎಂಬ ಮಾತನ್ನು ಅತಿಯಾಗಿ ನಂಬಬೇಡಿ. ಒಂದಂತಸ್ತಿನ ಕಟ್ಟಡಕ್ಕೆ ಬಿಸಿ ಹೆಚ್ಚಾಗಿ ಇಳಿಯುವುದು ತಾರಸಿಯಿಂದ, ಹಣ ಉಳಿದರೆ ಅಲ್ಲಿಗೆ ಹಾಕಿ. ಟೆಂಡರಿನಲ್ಲಿ ಮಾತ್ರ ಒಂದು ಸಾಲು ತಪ್ಪದೆ ಸೇರಿಸಿ: ಪ್ರತಿ ಲೋಡಿನ ಬ್ಲಾಕ್ ಮೇಲೆ ಎರಕ ಹಾಕಿದ ತಾರೀಕು ಬರೆದಿರಬೇಕು, ಆರು ವಾರ (ಹಾರುಬೂದಿಯದಾದರೆ ಏಳು) ತುಂಬದ ಬ್ಲಾಕಿಗೆ ಬಿಲ್ ಪಾಸಾಗುವುದಿಲ್ಲ.